ಎಪ್ಪತ್ತೇಳನೇ ನಿಮಿಷಕ್ಕೆ ಎದ್ದು ಹೋದವರು

ಒಂಬತ್ತನೇ ತರಗತಿಗೆ ಶೇಕಡಾ ಲೆಕ್ಕ ಹೇಳಿಕೊಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನನ್ನೋ ಬರೆಯುವುದರಲ್ಲಿ ಮುಳುಗಿ ಹೋಗಿದ್ದ. ಹತ್ತಿರ ಹೋಗಿ ನೋಡಿದರೆ ಅದೊಂದು ಹಕ್ಕಿಯ ಚಿತ್ರ. ರೆಕ್ಕೆ ಒಂದಿಷ್ಟು ಸೊಟ್ಟಗಾಗಿದ್ದರೂ ಅದು ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಲಾಂಛನವೆಂದು ನನಗೂ ಗೊತ್ತಾಗುವಷ್ಟು ಚೆನ್ನಾಗಿತ್ತು. ಗದರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಎದ್ದು ನಿಂತು ಕೇಳಿದ: "ಸಾರ್, ನಾನು ಇಲ್ಲಿ ಹುಟ್ಟೋ ಬದಲು ಲಿವರ್‌ಪೂಲಲ್ಲೇ ಹುಟ್ಟಿದ್ರೆ ಎಲ್ಲಾ ಮ್ಯಾಚೂ ಸ್ಟೇಡಿಯಮ್ಮಿಗೇ ಹೋಗಿ ನೋಡ್ಬಹುದಿತ್ತು ಅಲ್ವಾ?"

ತರಗತಿಯೆಲ್ಲಾ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಕೂತ್ಕೊಳ್ಳಪ್ಪಾ, ಮೊದಲು ಬೋರ್ಡಿನ ಮೇಲಿರೋ ಲೆಕ್ಕ ಮಾಡು" ಎಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಸಂಜೆ ಬಸ್ಸಿನಲ್ಲಿ ಕುಳಿತಾಗ ಆ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ತಪ್ಪಿದ್ದದ್ದು ನನ್ನಲ್ಲೇ, ಉತ್ತರ ಹೇಳದೆ ಕೂರಿಸಿಬಿಟ್ಟೆ. ಈ ಅಂಕಣದಲ್ಲಿ ಸಾಮಾನ್ಯವಾಗಿ ಸೂರ್ಯ, ಚಂದ್ರ, ಬೆಳಕು, ಶಬ್ದಗಳ ಮಾತು ಇರುತ್ತದೆ. ಈ ವಾರ ಆ ಹುಡುಗನಿಗೆ ಕೊಡಬೇಕಾದ ಉತ್ತರಕ್ಕೇ ಜಾಗ ಬಿಟ್ಟುಕೊಡೋಣ.

ಉತ್ತರದ ಮೊದಲ ಭಾಗ ಇಷ್ಟು: ಲಿವರ್‌ಪೂಲಿನಲ್ಲಿ ಹುಟ್ಟಿದ್ದರೆ ಅವನು ಪಂದ್ಯಗಳನ್ನು ಈಗ ನೋಡುವುದಕ್ಕಿಂತ ಕಡಿಮೆ ನೋಡುತ್ತಿದ್ದ ಸಾಧ್ಯತೆಯೇ ಹೆಚ್ಚು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಆರಂಭವಾಗುವ ಪಂದ್ಯಗಳನ್ನು ಅಲ್ಲಿನ ಟಿ.ವಿ.ಯಲ್ಲಿ ನೇರಪ್ರಸಾರ ಮಾಡುವಂತಿಲ್ಲ. 1960ರ ದಶಕದಿಂದಲೂ ಇರುವ ಕಟ್ಟುಪಾಡು ಅದು. ಜನ ಮನೆಯಲ್ಲೇ ಕುಳಿತುಬಿಟ್ಟರೆ ಊರೂರಿನ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತದೆ ಎಂಬ ಕಾಳಜಿಯಿಂದ ಬಂದದ್ದು. ಅದೇ ಪಂದ್ಯವನ್ನು ನಮ್ಮ ಹುಡುಗ ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಇಲ್ಲಿ ನೋಡಬಹುದು. ಕ್ರೀಡಾಂಗಣದಿಂದ ಎರಡು ಬೀದಿ ಆಚೆ ಇರುವ ಹುಡುಗನಿಗೆ ಟಿ.ವಿ.ಯಲ್ಲೂ ಸಿಗದು, ಟಿಕೆಟ್ಟು ಕೊಳ್ಳಲು ಅಪ್ಪನಿಗೆ ಕೈಲಾಗದಿದ್ದರೆ ಒಳಗೂ ಪ್ರವೇಶವಿಲ್ಲ. ಗೋಲು ಬಿದ್ದಾಗ ಏಳುವ ಕೂಗು ಮಾತ್ರ ಅವನ ಮನೆಯ ಕಿಟಕಿಗೆ ಕೇಳುತ್ತದೆ.

ಹೀಗೇಕಾಯಿತು? ಇದಕ್ಕೊಂದು ಚರಿತ್ರೆಯಿದೆ, ಒಂದು ಲೆಕ್ಕವೂ ಇದೆ.

ಅರ್ಧ ದಿನದ ರಜೆಯ ಆಟ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಬೆಳೆದದ್ದೇ ಕಾರ್ಖಾನೆ ಕೆಲಸಗಾರರಿಂದ. 1850ರ ಕಾಯ್ದೆಯೊಂದರ ಪ್ರಕಾರ ಅಲ್ಲಿನ ಬಟ್ಟೆ ಗಿರಣಿಗಳು ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ನಿಲ್ಲಿಸಬೇಕಾಯಿತು. ಕ್ರಮೇಣ ಬೇರೆ ಕಸುಬಿನವರಿಗೂ ಆ ಅರ್ಧ ದಿನದ ರಜೆ ಸಿಕ್ಕಿತು. ಕೆಲಸ ಬಿಟ್ಟು, ಕೈಕಾಲು ತೊಳೆದು, ಮೈದಾನಕ್ಕೆ ನಡೆದುಕೊಂಡು ಬರುವ ಹೊತ್ತಿಗೆ ಮೂರು ಗಂಟೆ. ಶನಿವಾರದ ಮೂರು ಗಂಟೆಯ ಪಂದ್ಯ ಎನ್ನುವುದು ಹಾಗೆ ರೂಢಿಯಾಯಿತು. 1888ರಲ್ಲಿ ಫುಟ್‌ಬಾಲ್ ಲೀಗ್ ಆರಂಭವಾದಾಗ ಅದರಲ್ಲಿದ್ದ ಹನ್ನೆರಡು ಕ್ಲಬ್ಬುಗಳೂ ಉತ್ತರ ಮತ್ತು ಮಧ್ಯ ಇಂಗ್ಲೆಂಡಿನವು. ಕಲ್ಲಿದ್ದಲು, ಹತ್ತಿ, ಕಬ್ಬಿಣ, ಹಡಗುಕಟ್ಟೆಗಳ ಸೀಮೆ ಅದು.

ಆ ಕೆಲಸಗಾರರು ಕುಳಿತು ಪಂದ್ಯ ನೋಡುತ್ತಿರಲಿಲ್ಲ. ಗೋಲುಕಂಬಗಳ ಹಿಂದೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಇಳಿಜಾರಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದರು. ಲಿವರ್‌ಪೂಲಿನ ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ 1906ರಲ್ಲಿ ಅಂಥದೊಂದು ಇಳಿಜಾರು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಸ್ಪಯಾನ್ ಕಾಪ್. ಅದು ದಕ್ಷಿಣ ಆಫ್ರಿಕದ ಒಂದು ಗುಡ್ಡದ ಹೆಸರು. 1900ರ ಜನವರಿಯಲ್ಲಿ ಬೋಯರ್ ಯುದ್ಧದ ಕಾಲಕ್ಕೆ ಅಲ್ಲಿ ಲಿವರ್‌ಪೂಲಿನ ಕಡೆಯ ಎಷ್ಟೋ ಸೈನಿಕರು ಸತ್ತಿದ್ದರು. ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಸಂಗತಿ: ಆ ಗುಡ್ಡದಿಂದ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ತಂದ ಭಾರತೀಯರ ತಂಡದಲ್ಲಿ ಮೂವತ್ತು ವರ್ಷದ ಒಬ್ಬ ವಕೀಲರಿದ್ದರು, ಮೋಹನದಾಸ ಕರಮಚಂದ ಗಾಂಧಿ.

ಆ 'ಕಾಪ್'ನಲ್ಲಿ ಒಂದು ಕಾಲಕ್ಕೆ 25 ಸಾವಿರಕ್ಕೂ ಹೆಚ್ಚು ಜನ ನಿಲ್ಲುತ್ತಿದ್ದರು. ಅಲ್ಲಿ ಹಾಡು ಹುಟ್ಟಿತು, ಹಾಸ್ಯ ಹುಟ್ಟಿತು, ಎದುರಾಳಿ ತಂಡದ ಗೋಲ್‌ಕೀಪರನಿಗೂ ಚಪ್ಪಾಳೆ ತಟ್ಟುವ ಸಂಪ್ರದಾಯ ಬೆಳೆಯಿತು. ಇದನ್ನೆಲ್ಲ ಯಾರೂ ಪಾಠ ಮಾಡಿ ಕಲಿಸಲಿಲ್ಲ. ಅಪ್ಪನ ಪಕ್ಕ ನಿಂತ ಮಗ, ಅಣ್ಣನ ಹಿಂದೆ ಬಂದ ತಮ್ಮ, ನೋಡಿ ನೋಡಿ ಕಲಿತರು.

ಒಂದು ದುರಂತ, ಒಂದು ವರದಿ

1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ಪಂದ್ಯವಿತ್ತು. ಹೊರಗೆ ನೂಕುನುಗ್ಗಲು ಹೆಚ್ಚಾದಾಗ ಪೊಲೀಸರು ಒಂದು ದೊಡ್ಡ ಗೇಟನ್ನು ತೆರೆಸಿದರು. ಒಳಬಂದ ಜನ ಅದಾಗಲೇ ಕಿಕ್ಕಿರಿದಿದ್ದ ಕಟಕಟೆಯೊಳಗೆ ನುಗ್ಗಿದರು. ಹಿಂದಿನವರಿಗೆ ಮುಂದೇನಾಗುತ್ತಿದೆ ಎಂಬುದು ಕಾಣದು. ಮುಂದಿನವರಿಗೆ ತಂತಿಬೇಲಿ ಅಡ್ಡ. ಒಬ್ಬೊಬ್ಬರ ತಳ್ಳುವಿಕೆ ಅಲ್ಪವೇ, ಆದರೆ ಸಾಲಿನ ಮೇಲೆ ಸಾಲು ಸೇರಿ ಆ ಬಲವೆಲ್ಲ ಮುಂದಿನವರ ಎದೆಯ ಮೇಲೆ ಬಿತ್ತು. ಉಸಿರಾಡಲು ಪಕ್ಕೆಲುಬು ಹಿಗ್ಗಬೇಕು, ಅದಕ್ಕೆ ಜಾಗವೇ ಇರಲಿಲ್ಲ. ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ತಪ್ಪು ಅಭಿಮಾನಿಗಳದ್ದೇ ಎಂದು ವರ್ಷಗಟ್ಟಲೆ ದೂರಲಾಯಿತು. ಅವರ ತಪ್ಪಿರಲಿಲ್ಲ ಎಂದು ನ್ಯಾಯದರ್ಶಿ ಮಂಡಳಿ ಹೇಳಿದ್ದು 2016ರಲ್ಲಿ, ಇಪ್ಪತ್ತೇಳು ವರ್ಷ ಕಳೆದ ಮೇಲೆ.

ದುರಂತದ ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಟೇಲರ್. 1990ರ ಜನವರಿಯಲ್ಲಿ ಅವರ ಅಂತಿಮ ವರದಿ ಹೊರಬಂತು. ದೊಡ್ಡ ಕ್ರೀಡಾಂಗಣಗಳಲ್ಲಿ ನಿಂತು ನೋಡುವ ವ್ಯವಸ್ಥೆ ತೆಗೆದು ಎಲ್ಲರಿಗೂ ಆಸನ ಹಾಕಬೇಕು ಎಂಬುದು ಅದರ ಮುಖ್ಯ ಸಲಹೆ. ಆದರೆ ಆ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಆಸನ ಹಾಕುವ ನೆಪದಲ್ಲಿ ಈಗ ನಿಂತು ನೋಡುವವರ ಕೈಗೆ ಎಟುಕದಂತೆ ಬೆಲೆ ಏರಿಸಬೇಕಾಗಿಲ್ಲ ಎಂದು ಟೇಲರ್ ಹೇಳಿದ್ದರು. ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದ ಉದಾಹರಣೆಯನ್ನೂ ಕೊಟ್ಟಿದ್ದರು: ಅಲ್ಲಿ ನಿಲ್ಲಲು 4 ಪೌಂಡ್, ಕೂರಲು 6 ಪೌಂಡ್.

ಕ್ಲಬ್ಬುಗಳು ವರದಿಯ ಮೊದಲ ಮಾತನ್ನು ಪಾಲಿಸಿದವು. ಪಾಲಿಸಲೇಬೇಕಿತ್ತು, ಕಾನೂನು ಬಂದಿತ್ತು. ಎರಡನೆಯ ಮಾತನ್ನು ಮರೆತವು. 1994ರ ಏಪ್ರಿಲ್ 30ರಂದು 'ಕಾಪ್'ನಲ್ಲಿ ಜನ ಕೊನೆಯ ಬಾರಿಗೆ ಹಳೆಯ ರೀತಿಯಲ್ಲಿ ನಿಂತು ಪಂದ್ಯ ನೋಡಿದರು. ಆಸನ ಹಾಕಿದ ಮೇಲೆ ಅಲ್ಲಿ ಹಿಡಿಸಿದ್ದು 12 ಸಾವಿರದ ಆಸುಪಾಸು ಜನ. (ಸುರಕ್ಷಿತವಾಗಿ ನಿಲ್ಲುವ ಹೊಸ ಬಗೆಯ ವ್ಯವಸ್ಥೆಗೆ ಇಂಗ್ಲೆಂಡಿನಲ್ಲಿ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ.)

ಬೋರ್ಡಿನ ಮೇಲೊಂದು ಲೆಕ್ಕ

ಈಗ ಶೇಕಡಾ ಲೆಕ್ಕಕ್ಕೆ ಬರೋಣ. 1989-90ರಲ್ಲಿ ಆನ್‌ಫೀಲ್ಡಿನ ಅತಿ ಅಗ್ಗದ ಟಿಕೆಟ್ಟು 4 ಪೌಂಡ್. 2011ರ ಹೊತ್ತಿಗೆ ಅಲ್ಲಿನ ಸಾಮಾನ್ಯ ಅಗ್ಗದ ಟಿಕೆಟ್ಟು 45 ಪೌಂಡ್. "ಸಾರ್, ಎಲ್ಲಾ ಬೆಲೆಯೂ ಏರುತ್ತಲ್ಲ" ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಆ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಸಾಮಾನ್ಯ ಬೆಲೆಯೇರಿಕೆ ಸುಮಾರು ಶೇ. 77. ಅಂದರೆ ಹಾಲು, ಬ್ರೆಡ್ಡು, ಬಸ್ ದರಗಳಂತೆ ಟಿಕೆಟ್ಟೂ ಏರಿದ್ದರೆ 4 ಪೌಂಡಿಗೆ 3 ಪೌಂಡ್ ಚಿಲ್ಲರೆ ಸೇರಿ 7 ಪೌಂಡ್ ಚಿಲ್ಲರೆ ಆಗಬೇಕಿತ್ತು. ಆದದ್ದು 45. ಏರಿಕೆ 41 ಪೌಂಡ್. ಅದನ್ನು 4ರಿಂದ ಭಾಗಿಸಿ 100ರಿಂದ ಗುಣಿಸಿ. ಶೇ. 1025!

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಶೇ. 1025 ಏರಿಕೆ ಎಂದರೆ ಹತ್ತೂಕಾಲು ಪಟ್ಟಾಯಿತು ಎಂದಲ್ಲ, ಹನ್ನೊಂದೂಕಾಲು ಪಟ್ಟಾಯಿತು ಎಂದು. ಮೂಲದ ನೂರನ್ನು ಸೇರಿಸಲು ಮರೆಯಬಾರದು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಹೋಗುತ್ತದೆ.

ಕ್ಲಬ್ಬುಗಳು ಹೇಳುವ ಸಮರ್ಥನೆಯನ್ನೂ ಕೇಳಬೇಕು. ಆಟಗಾರರ ಸಂಬಳ ಆಕಾಶಕ್ಕೇರಿದೆ, ಒಳ್ಳೆಯ ಆಟಗಾರರಿಲ್ಲದಿದ್ದರೆ ನೀವೇ ಬೈಯುತ್ತೀರಿ. ಆಸನಗಳು ಕಡಿಮೆ, ಕೇಳುವವರು ಹೆಚ್ಚು. ನಾವು ಕಡಿಮೆ ಬೆಲೆಗೆ ಮಾರಿದರೆ ಕಾಳಸಂತೆಯವನು ಹೆಚ್ಚು ಬೆಲೆಗೆ ಮಾರುತ್ತಾನೆ. ಈ ಮಾತುಗಳಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲೇ ಬರೆಯಬೇಕು.

1992ರಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಕ್ಲಬ್ಬುಗಳು ಹಳೆಯ ಲೀಗಿನಿಂದ ಹೊರಬಂದು ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ಅಂದಿನಿಂದ ಟಿ.ವಿ. ಪ್ರಸಾರ ಹಕ್ಕಿನ ಹಣ ಹೊಳೆಯಾಗಿ ಹರಿಯಿತು. 2013ರಿಂದ 2016ರವರೆಗಿನ ಮೂರು ವರ್ಷಕ್ಕೆ ಬ್ರಿಟನ್ನಿನ ಒಳಗಿನ ಪ್ರಸಾರಕ್ಕೆ ಮಾತ್ರವೇ 301 ಕೋಟಿ ಪೌಂಡಿಗೂ ಮೇಲೆ. ಮುಂದಿನ ಮೂರು ವರ್ಷಕ್ಕೆ 513 ಕೋಟಿ ಪೌಂಡಿಗೂ ಮೇಲೆ. ಅಂದರೆ ವರ್ಷಕ್ಕೆ ಸುಮಾರು 70 ಕೋಟಿ ಪೌಂಡ್ ಹೆಚ್ಚುವರಿ ಆದಾಯ. ನಮ್ಮ ಹುಡುಗನ ಮನೆಯ ಟಿ.ವಿ. ಚಂದಾದಿಂದಲೂ ಸೇರಿ ಜಗತ್ತಿನ ಬೇರೆ ದೇಶಗಳಿಂದ ಬರುವ ಹಣ ಇದರಲ್ಲಿ ಸೇರಿಲ್ಲ.

ಈಗ ಎಲ್ಲ ಕ್ಲಬ್ಬುಗಳೂ ಪ್ರತಿ ಟಿಕೆಟ್ಟಿನ ಬೆಲೆಯನ್ನು 10 ಪೌಂಡ್ ಇಳಿಸಿದವು ಎಂದುಕೊಳ್ಳಿ. ಒಂದು ಋತುವಿಗೆ 380 ಪಂದ್ಯ. ಪಂದ್ಯಕ್ಕೆ ಸರಾಸರಿ 36 ಸಾವಿರ ಜನ ಎಂದಿಟ್ಟುಕೊಳ್ಳೋಣ, ಆ ವರ್ಷಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ. ಗುಣಿಸಿದರೆ 1 ಕೋಟಿ 36 ಲಕ್ಷದ ಮೇಲೆ ಪ್ರೇಕ್ಷಕರು. ತಲೆಗೆ 10 ಪೌಂಡಿನಂತೆ ಸುಮಾರು 13.7 ಕೋಟಿ ಪೌಂಡ್. ಹೊಸದಾಗಿ ಬಂದ 70 ಕೋಟಿಯಲ್ಲಿ ಐದರಲ್ಲೊಂದು ಪಾಲು ಕೊಟ್ಟಿದ್ದರೆ ಪ್ರತಿಯೊಬ್ಬ ಪ್ರೇಕ್ಷಕನಿಗೂ ಪ್ರತಿ ಪಂದ್ಯಕ್ಕೂ 10 ಪೌಂಡ್ ಉಳಿಯುತ್ತಿತ್ತು. ಗೇಟಿನ ಬಳಿ ವಸೂಲು ಮಾಡುವ ಹಣ ಕ್ಲಬ್ಬಿಗೆ ಅಷ್ಟೇನೂ ದೊಡ್ಡದಲ್ಲ, ಕೊಡುವವನಿಗೆ ಮಾತ್ರ ಬಹಳ ದೊಡ್ಡದು. ಈ ಲೆಕ್ಕ ಇಂಗ್ಲೆಂಡಿನ ಅಭಿಮಾನಿಗಳಿಗೂ ಗೊತ್ತಿತ್ತು. 2013ರಿಂದಲೇ ಅವರು, ಬೇರೆ ಊರಿನಿಂದ ಬರುವ ತಂಡದ ಅಭಿಮಾನಿಗಳಿಗೆ 20 ಪೌಂಡಿಗಿಂತ ಹೆಚ್ಚು ಬೇಡ ಎಂದು ಚಳವಳಿ ನಡೆಸಿದ್ದರು.

77 ಪೌಂಡ್, 77ನೇ ನಿಮಿಷ

2016ರ ಫೆಬ್ರವರಿ ಮೊದಲ ವಾರ. ಲಿವರ್‌ಪೂಲ್ ಕ್ಲಬ್ಬು ಆನ್‌ಫೀಲ್ಡಿನಲ್ಲಿ ದೊಡ್ಡದೊಂದು ಹೊಸ ಗ್ಯಾಲರಿ ಕಟ್ಟುತ್ತಿತ್ತು. ಮುಂದಿನ ಋತುವಿನಿಂದ ಅತಿ ದುಬಾರಿ ಟಿಕೆಟ್ಟು 59ರಿಂದ 77 ಪೌಂಡಿಗೆ ಏರುತ್ತದೆ ಎಂದು ಪ್ರಕಟಿಸಿತು. ಕೆಲವು ಪಂದ್ಯಗಳಿಗೆ 9 ಪೌಂಡಿನ ಟಿಕೆಟ್ಟೂ ಇರುತ್ತದೆ ಎಂದಿತು. ಜನಕ್ಕೆ ಸಮಾಧಾನವಾಗಲಿಲ್ಲ.

ಫೆಬ್ರವರಿ 6ರಂದು ಸಂಡರ್ಲೆಂಡ್ ತಂಡದ ಎದುರು ಪಂದ್ಯ. ಲಿವರ್‌ಪೂಲ್ 2-0 ಗೋಲುಗಳಿಂದ ಮುಂದಿತ್ತು. ಗೆಲುವು ಕೈಯಲ್ಲೇ ಇದೆ ಎನ್ನುವ ಹೊತ್ತು. ಗಡಿಯಾರ 77ನೇ ನಿಮಿಷ ತೋರಿಸಿತು. ಸುಮಾರು 10 ಸಾವಿರ ಅಭಿಮಾನಿಗಳು ಎದ್ದು ನಿಂತರು. ಕಲ್ಲೆಸೆಯಲಿಲ್ಲ, ಕುರ್ಚಿ ಮುರಿಯಲಿಲ್ಲ. ಬಾಗಿಲ ಕಡೆಗೆ ತಿರುಗಿ ಹೊರಟು ಹೋದರು. ತಾವು ಪ್ರಾಣದಂತೆ ಪ್ರೀತಿಸುವ ತಂಡ ಗೆಲ್ಲುತ್ತಿರುವಾಗ, ಅದನ್ನು ನೋಡಲೆಂದೇ ದುಡ್ಡು ಕೊಟ್ಟು ಬಂದವರು ಹೀಗೆ ಎದ್ದು ಹೋಗುವುದು ಸುಲಭದ ಮಾತಲ್ಲ. ಅರ್ಧ ಖಾಲಿಯಾದ ಗ್ಯಾಲರಿಯ ಎದುರು ಆಡಿದ ತಂಡ 82ನೇ ನಿಮಿಷದಲ್ಲಿ ಒಂದು, 89ನೇ ನಿಮಿಷದಲ್ಲಿ ಇನ್ನೊಂದು ಗೋಲು ಬಿಟ್ಟುಕೊಟ್ಟಿತು. ಪಂದ್ಯ 2-2ರಿಂದ ಸಮವಾಯಿತು. ಜನ ಎದ್ದು ಹೋದದ್ದರಿಂದಲೇ ಗೋಲು ಬಿತ್ತು ಎಂದು ವಿಜ್ಞಾನದ ಮೇಷ್ಟ್ರಾಗಿ ನಾನು ಹೇಳಲಾರೆ, ಒಂದೇ ಪ್ರಯೋಗದಿಂದ ನಿಯಮ ಸಿದ್ಧವಾಗುವುದಿಲ್ಲ. ಆದರೆ ಆ ದಿನ ಅಲ್ಲಿದ್ದವರಾರೂ ಅದನ್ನು ಮರೆತಿರಲಾರರು.

ನಾಲ್ಕೇ ದಿನಗಳಲ್ಲಿ, ಫೆಬ್ರವರಿ 10ರಂದು, ಕ್ಲಬ್ಬಿನ ಮಾಲೀಕರು ಕ್ಷಮೆ ಕೇಳಿದರು. 77 ಪೌಂಡಿನ ಟಿಕೆಟ್ಟು ರದ್ದಾಯಿತು. ಎರಡು ಋತುಗಳವರೆಗೆ ಅತಿ ಹೆಚ್ಚಿನ ಬೆಲೆ 59 ಪೌಂಡನ್ನು ಮೀರುವುದಿಲ್ಲ ಎಂಬ ಭರವಸೆ ಬಂತು. ಮಾರ್ಚ್ ತಿಂಗಳಲ್ಲಿ ಪ್ರೀಮಿಯರ್ ಲೀಗಿನ ಎಲ್ಲ ಕ್ಲಬ್ಬುಗಳೂ ಸೇರಿ, ಹೊರಊರಿನ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿದವು. ಮೂರು ವರ್ಷಕ್ಕೆಂದು ಬಂದ ಆ ಮಿತಿಯನ್ನು ಆಮೇಲೂ ಮತ್ತೆ ಮತ್ತೆ ಮುಂದುವರಿಸಲಾಯಿತು.

ಗಿರಾಕಿಯೋ, ಪಾಲುದಾರನೋ?

ಟೊಮ್ಯಾಟೊ ಬೆಲೆ ಏರಿದರೆ ನಮ್ಮ ಮನೆಯಲ್ಲಿ ಹುಣಸೆಹಣ್ಣಿನ ಸಾರು ಮಾಡುತ್ತಾರೆ. ಒಂದು ಅಂಗಡಿ ದುಬಾರಿ ಎನಿಸಿದರೆ ಇನ್ನೊಂದಕ್ಕೆ ಹೋಗುತ್ತೇವೆ. ಗಿರಾಕಿಯ ಬಲವೇ ಅದು. ಆದರೆ ಲಿವರ್‌ಪೂಲ್ ದುಬಾರಿಯಾಯಿತೆಂದು ಆ ಊರಿನವನು ಮುಂದಿನ ವಾರದಿಂದ ಮ್ಯಾಂಚೆಸ್ಟರ್ ತಂಡಕ್ಕೆ ಜೈ ಎನ್ನಲಾರ. ಅಜ್ಜನ ಕಾಲದಿಂದ ಬಂದ ನಂಟು ಅದು. ಬೇರೆ ಕಡೆ ಹೋಗಲಾರ ಎಂದು ಗೊತ್ತಿರುವವನ ಮೇಲೆ ಬೆಲೆ ಏರಿಸುವುದು ವ್ಯಾಪಾರದಲ್ಲಿ ಬಹಳ ಸುಲಭ. ಅದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ.

ಇನ್ನೂ ಒಂದು ಸೂಕ್ಷ್ಮವಿದೆ. ಸಿನಿಮಾ ಮಂದಿರದಲ್ಲಿ ನಾನೊಬ್ಬನೇ ಕುಳಿತರೂ ಸಿನಿಮಾ ಬದಲಾಗದು. ಫುಟ್‌ಬಾಲಿನಲ್ಲಿ ಹಾಗಲ್ಲ. 2020ರಲ್ಲಿ ಕೊರೊನಾ ಕಾರಣದಿಂದ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯ ನಡೆದದ್ದು ನಿಮಗೆ ನೆನಪಿರಬಹುದು. ಆಟಗಾರರು ಅವರೇ, ಚೆಂಡು ಅದೇ, ನಿಯಮ ಅದೇ. ಆದರೂ ನೋಡಲಾಗದಷ್ಟು ಸಪ್ಪೆ. ಕೊನೆಗೆ ಟಿ.ವಿ.ಯವರು ಜನರ ಕೂಗನ್ನು ಧ್ವನಿಮುದ್ರಣದಿಂದ ತಂದು ಸೇರಿಸಬೇಕಾಯಿತು. ಜಗತ್ತಿನಾದ್ಯಂತ ಮಾರಾಟವಾಗುವ ಆ ಸರಕಿನ ಅರ್ಧಭಾಗವನ್ನು ತಯಾರಿಸುವವನು ಗ್ಯಾಲರಿಯಲ್ಲಿರುವ ಪ್ರೇಕ್ಷಕ. ಅವನಿಗೆ ಸಂಬಳವಿಲ್ಲ, ಅವನೇ ದುಡ್ಡು ಕೊಡಬೇಕು. ಆ ದುಡ್ಡೂ ವರ್ಷವರ್ಷಕ್ಕೆ ಹೆಚ್ಚಬೇಕು!

ಭೌತವಿಜ್ಞಾನದಲ್ಲಿ ಸ್ಥಿತಿಸ್ಥಾಪಕತೆಯ ಪಾಠ ಮಾಡುವಾಗ ನಾವು ಒಂದು ಸ್ಪ್ರಿಂಗಿಗೆ ತೂಕ ಕಟ್ಟುತ್ತೇವೆ. ತೂಕ ತೆಗೆದರೆ ಅದು ಮೊದಲಿನ ಉದ್ದಕ್ಕೆ ಮರಳುತ್ತದೆ. ಇನ್ನಷ್ಟು, ಮತ್ತಷ್ಟು ಕಟ್ಟುತ್ತಾ ಹೋದರೆ ಒಂದು ಮಿತಿಯ ನಂತರ ತೂಕ ತೆಗೆದರೂ ಅದು ಮರಳದು. ಅಭಿಮಾನಕ್ಕೂ ಅಂಥ ಮಿತಿಯಿದೆ. ಅದು ಮುಗಿಯುವುದು ದೊಡ್ಡವರಲ್ಲಲ್ಲ, ಮಕ್ಕಳಲ್ಲಿ. ಹತ್ತನೇ ವಯಸ್ಸಿನಲ್ಲಿ ಮೈದಾನದ ಒಳಗೆ ಕಾಲಿಡದ ಹುಡುಗನಿಗೆ ಇಪ್ಪತ್ತೈದರಲ್ಲಿ ಟಿಕೆಟ್ಟು ಅಗ್ಗವಾಯಿತೆಂದು ಹೇಳಿದರೆ ಅವನು ಬರುತ್ತಾನೆಂದು ಏನು ಖಾತ್ರಿ?

ಇದು ಹಳೆಯ ಕಥೆಯೆಂದು ತಿಳಿಯಬೇಡಿ. 2024ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು, ಋತುವಿನ ಮಧ್ಯದಲ್ಲೇ, ಸದಸ್ಯರಿಗಾಗಿ ಉಳಿದಿದ್ದ ಟಿಕೆಟ್ಟುಗಳಿಗೆ 66 ಪೌಂಡಿನ ಒಂದೇ ದರ ನಿಗದಿ ಮಾಡಿತು. ಮಕ್ಕಳಿಗೆ, ವೃದ್ಧರಿಗೆ ರಿಯಾಯಿತಿ ಇಲ್ಲ. ಅದಕ್ಕೆ ಮೊದಲು ಅಗ್ಗದ ಟಿಕೆಟ್ಟು ದೊಡ್ಡವರಿಗೆ 40, ಮಕ್ಕಳಿಗೆ 25 ಪೌಂಡ್ ಇತ್ತು. ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುವ ಒಬ್ಬ ತಂದೆಗೆ 90 ಪೌಂಡಿಗೆ ಆಗುತ್ತಿದ್ದದ್ದು 198 ಪೌಂಡ್ ಆಯಿತು. ನಮ್ಮ ಲೆಕ್ಕದಲ್ಲಿ ಸುಮಾರು 21 ಸಾವಿರ ರೂಪಾಯಿ, ಅದೂ ಒಂದು ಪಂದ್ಯಕ್ಕೆ. ಕ್ಲಬ್ಬು ನಷ್ಟದಲ್ಲಿತ್ತು ನಿಜ, ಈ ದರ ತಗುಲಿದ್ದು ಕೆಲವೇ ಟಿಕೆಟ್ಟುಗಳಿಗೆ ಎಂಬುದೂ ನಿಜ. ಆದರೆ ವರ್ಷವಿಡೀ ಸೀಟು ಕಾಯ್ದಿರಿಸಲಾಗದ ಮನೆಯವರು ಮಕ್ಕಳ ಕೈಹಿಡಿದು ಬರುತ್ತಿದ್ದದ್ದು ಆ ಕೆಲವೇ ಟಿಕೆಟ್ಟುಗಳಿಂದ.

ಬೇರೆ ದಾರಿ ಇಲ್ಲವೇ?

ಇದೆ. ಜರ್ಮನಿಯ ಡಾರ್ಟ್‌ಮಂಡ್ ನಗರದ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಯಲ್ಲಿ ಇಂದಿಗೂ ಲೀಗ್ ಪಂದ್ಯಗಳಿಗೆ 25 ಸಾವಿರದ ಹತ್ತಿರ ಜನ ನಿಂತು ನೋಡುತ್ತಾರೆ. ಹಳದಿ ಬಟ್ಟೆ ತೊಟ್ಟು ನಿಂತ ಆ ಜನರಾಶಿಗೆ 'ಹಳದಿ ಗೋಡೆ' ಎಂದೇ ಹೆಸರು. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಸಾಮಾನ್ಯ ಟಿಕೆಟ್ಟಿಗೆ ಹೋಲಿಸಿದರೆ ಅಲ್ಲಿ ನಿಲ್ಲುವ ಬೆಲೆ ತೀರಾ ಕಡಿಮೆ. ಬಹಳಷ್ಟು ಕ್ಲಬ್ಬುಗಳಲ್ಲಿ ಪಂದ್ಯದ ಟಿಕೆಟ್ಟು ತೋರಿಸಿದರೆ ಆ ದಿನ ಊರಿನ ಬಸ್ಸು, ರೈಲಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಇದಕ್ಕೆ ಒಂದು ಕಾರಣ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರ ಸದಸ್ಯರ ಕೈಯಲ್ಲೇ ಇರಬೇಕೆಂಬ ಅಲ್ಲಿನ ನಿಯಮ. ಬೆಲೆ ಏರಿಸುವವನು ಏರಿಕೆ ಕೊಡಬೇಕಾದವರಿಗೆ ಉತ್ತರ ಹೇಳಬೇಕು.

ಜರ್ಮನಿಯ ಅಭಿಮಾನಿಗಳು ಸುಮ್ಮನಿರುವವರೂ ಅಲ್ಲ. 2015ರ ಅಕ್ಟೋಬರಿನಲ್ಲಿ ಲಂಡನ್ನಿಗೆ ಬಂದ ಬಯರ್ನ್ ಮ್ಯೂನಿಕ್ ಅಭಿಮಾನಿಗಳಿಗೆ 64 ಪೌಂಡಿನ ಟಿಕೆಟ್ಟು ಹಾಕಿದಾಗ ಅವರು ಪಂದ್ಯದ ಮೊದಲ ಐದು ನಿಮಿಷ ಒಳಗೇ ಬರಲಿಲ್ಲ. 2016ರ ಫೆಬ್ರವರಿಯಲ್ಲಿ ಸ್ಟುಟ್‌ಗಾರ್ಟಿನಲ್ಲಿ ಬೆಲೆ ಹೆಚ್ಚಾಯಿತೆಂದು ಡಾರ್ಟ್‌ಮಂಡ್ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡುಗಳ ಮಳೆಯನ್ನೇ ಸುರಿಸಿದರು. ಪಂದ್ಯ ಸ್ವಲ್ಪ ಹೊತ್ತು ನಿಂತಿತು.

ಇನ್ನು ವಿಶ್ವಕಪ್. 1994ರಲ್ಲಿ ಅಮೆರಿಕದಲ್ಲಿ ನಡೆದಾಗ ಟಿಕೆಟ್ಟಿನ ಬೆಲೆ 25ರಿಂದ 475 ಡಾಲರ್‌ವರೆಗೆ ಇತ್ತು. ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ 2026ರ ವಿಶ್ವಕಪ್ಪಿಗೆ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಆರಂಭದ ದರ 60ರಿಂದ 6,730 ಡಾಲರ್‌ವರೆಗೆ. ಈ ನಡುವೆ ಅಲ್ಲಿನ ಸಾಮಾನ್ಯ ಬೆಲೆಗಳು ಏರಿದ್ದು ಎರಡು ಪಟ್ಟಿಗಿಂತ ತುಸು ಹೆಚ್ಚು. 475ನ್ನು ಆ ಲೆಕ್ಕದಲ್ಲಿ ಏರಿಸಿದರೂ ಸಾವಿರದ ಚಿಲ್ಲರೆ ಡಾಲರ್ ಆದೀತು. ಸಾಲದ್ದಕ್ಕೆ ಬೇಡಿಕೆ ಹೆಚ್ಚಿದಂತೆ ಬೆಲೆಯೂ ಏರುವ ಪದ್ಧತಿ ತಂದರು. ದೀಪಾವಳಿಗೆ ಊರಿಗೆ ಹೊರಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಮೂಲಿ ದಿನ ಎಂಟುನೂರು ಇರುವ ಖಾಸಗಿ ಬಸ್ಸಿನ ಸೀಟು ಹಬ್ಬದ ಹಿಂದಿನ ರಾತ್ರಿ ಎರಡು ಸಾವಿರ ದಾಟುವುದನ್ನು ನಾವೆಲ್ಲ ಅನುಭವಿಸಿದ್ದೇವೆ. 2025ರ ಡಿಸೆಂಬರಿನಲ್ಲಿ ಆಯಾ ದೇಶದ ನಿಷ್ಠಾವಂತ ಅಭಿಮಾನಿಗಳಿಗೆಂದು ಕಾದಿಟ್ಟ ಫೈನಲ್ ಟಿಕೆಟ್ಟಿನಲ್ಲೂ ಅತಿ ಅಗ್ಗದ್ದು 4,185 ಡಾಲರ್ ಎಂದು ತಿಳಿದಾಗ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಫಿಫಾ ಸಂಸ್ಥೆ, ಫೈನಲ್ಲೂ ಸೇರಿದಂತೆ ಪ್ರತಿ ಪಂದ್ಯಕ್ಕೂ ನಿಷ್ಠಾವಂತ ಅಭಿಮಾನಿಗಳಿಗೆ 60 ಡಾಲರಿನ ಕೆಲವು ಟಿಕೆಟ್ಟು ಕೊಡುವುದಾಗಿ ಹೇಳಿತು. ಕೂಗಿದವರಿಗೆ ಒಂದಿಷ್ಟು ಸಿಕ್ಕಿತು ಎನ್ನೋಣ. ಆದರೆ ಆ ಟಿಕೆಟ್ಟುಗಳು ಬಹಳ ಕಡಿಮೆ, ಒಂದೊಂದು ತಂಡಕ್ಕೆ ಕೆಲವು ನೂರು ಮಾತ್ರ.

ನನ್ನ ತಂದೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಐ.ಟಿ.ಐ., ಎಚ್.ಎ.ಎಲ್., ಎಂ.ಇ.ಜಿ. ತಂಡಗಳ ಹೆಸರು ನಮ್ಮ ಮನೆಯಲ್ಲಿ ಬಂಧುಗಳ ಹೆಸರಿನಂತೆ ಓಡಾಡುತ್ತಿತ್ತು. ಸಂಜೆಯ ಪಾಳಿ ಇಲ್ಲದ ದಿನ ಸೈಕಲ್ಲಿನ ಮುಂದಿನ ಬಾರಿನ ಮೇಲೆ ನನ್ನನ್ನು ಕೂರಿಸಿಕೊಂಡು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋಗುತ್ತಿದ್ದರು. ಇಬ್ಬರ ಟಿಕೆಟ್ಟು, ಒಂದು ಪೊಟ್ಟಣ ಕಡಲೆಕಾಯಿ ಎಲ್ಲ ಸೇರಿ ಅವರ ಜೇಬಿಗೆ ಭಾರವಾಗುತ್ತಿರಲಿಲ್ಲ. ಆಸ್ಟಿನ್ ಟೌನ್, ಗೌತಮಪುರದ ಕಡೆಯವರು ತಮಿಳು, ಕನ್ನಡ, ಉರ್ದು ಬೆರೆಸಿ ಕೂಗುತ್ತಿದ್ದರು. ಆಫ್‌ಸೈಡ್ ಎಂದರೇನು ಎಂದು ನನಗೆ ಅರ್ಥ ಮಾಡಿಸಿದವರು ತಂದೆಯಲ್ಲ, ಪಕ್ಕದಲ್ಲಿ ಕುಳಿತಿದ್ದ ಹೆಸರೂ ಗೊತ್ತಿಲ್ಲದ ಒಬ್ಬ ಮುದುಕರು. ನಾಲ್ಕು ಕಡಲೆಕಾಯಿ ಸಿಪ್ಪೆಯನ್ನು ಸಿಮೆಂಟಿನ ಮೆಟ್ಟಿಲ ಮೇಲೆ ಜೋಡಿಸಿ ತೋರಿಸಿದರು. ನಾನು ಮುಂದೆ ಮೇಷ್ಟ್ರಾಗಿ ಹೇಳಿದ ಎಷ್ಟೋ ಪಾಠಗಳಲ್ಲಿ ಆ ಸಿಪ್ಪೆಗಳ ಪ್ರಭಾವವಿದೆ. ಟಿಕೆಟ್ಟು ಅಪ್ಪನ ಎರಡು ದಿನದ ಕೂಲಿಯಷ್ಟಿದ್ದರೆ ನಾನು ಆ ಮುದುಕರ ಪಕ್ಕ ಕುಳಿತಿರುತ್ತಿರಲಿಲ್ಲ, ಬಹುಶಃ ಅವರೂ ಅಲ್ಲಿರುತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ, ಇಲ್ಲಿ ಬರೆದ ಲೆಕ್ಕವನ್ನೆಲ್ಲ ಬೋರ್ಡಿನ ಮೇಲೆ ಅವನ ಕೈಯಿಂದಲೇ ಮಾಡಿಸಿದೆ. 1025 ಎಂದು ಬರೆದವನು ಸ್ವಲ್ಪ ಹೊತ್ತು ಚಾಕ್‌ಪೀಸ್ ಹಿಡಿದುಕೊಂಡೇ ನಿಂತ. ಆಮೇಲೆ ಕೇಳಿದ: "ಹಂಗಾದ್ರೆ ಸಾರ್, ನಾನು ಟಿ.ವಿ.ಲಿ ನೋಡ್ತೀನಲ್ಲ, ಅಲ್ಲಿ ಹಾಡು ಹೇಳ್ತಿರೋರೆಲ್ಲ ಯಾರು?"

"ಇನ್ನೂ ಹೇಗೋ ಹೊಂದಿಸಿಕೊಂಡು ಬರ್ತಿರೋರು ಕಣಪ್ಪಾ" ಎಂದೆ. ಸದ್ಯಕ್ಕೆ ನನಗೆ ತಿಳಿದ ಉತ್ತರ ಅಷ್ಟೇ.

ಈ ವಾರದ ಲೆಕ್ಕ: ನಿಮ್ಮ ತಂದೆ ಅಥವಾ ತಾಯಿ ಒಂಬತ್ತನೇ ತರಗತಿಯಲ್ಲಿದ್ದಾಗ ಸಿನಿಮಾ ಟಿಕೆಟ್ಟು, ಬಸ್ ಚಾರ್ಜು, ಒಂದು ಲೋಟ ಕಾಫಿ, ಈ ಮೂರರ ಬೆಲೆ ಎಷ್ಟಿತ್ತೆಂದು ಕೇಳಿ ಬರೆದುಕೊಳ್ಳಿ. ಇಂದಿನ ಬೆಲೆಯನ್ನು ಪಕ್ಕದಲ್ಲಿ ಬರೆಯಿರಿ. ಮೂರಕ್ಕೂ ಶೇಕಡಾ ಏರಿಕೆ ಕಂಡುಹಿಡಿಯಿರಿ. ಯಾವುದು ಉಳಿದವುಗಳಿಗಿಂತ ಬಹಳ ಹೆಚ್ಚು ಏರಿದೆಯೋ ಅದಕ್ಕೆ ಕಾರಣವೇನೆಂದು ಮನೆಯವರೆಲ್ಲ ಕುಳಿತು ಮಾತಾಡಿ. ಪೋಷಕರಲ್ಲಿ ಒಂದು ವಿನಂತಿ: ಹಳೆಯ ಬೆಲೆ ಹೇಳುವಾಗ ಆಗಿನ ನಿಮ್ಮ ಮನೆಯ ತಿಂಗಳ ಸಂಬಳವನ್ನೂ ಮಕ್ಕಳಿಗೆ ಹೇಳಿ. ಅದಿಲ್ಲದೆ ಲೆಕ್ಕ ಪೂರ್ತಿಯಾಗದು.